ಕ್ಷ-ಕಿರಣದ ರಾಂಟ್‌ಜೆನ್ ಮತ್ತು ಮಾತು ಬಾರದ ರೋಗಿಗಳು

ವಡಾಲದಿಂದ ಪರೇಲ್ ಬಹು ದೂರವಲ್ಲ. ಅಲ್ಲಿ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಅವರ ಹೆಸರಿನ ಪ್ರಾಣಿಗಳ ಆಸ್ಪತ್ರೆ ಇದೆ. ಅದರೊಡನೆಯೇ ಬೆಳೆದುಬಂದ, 1886ರಲ್ಲಿ ಸ್ಥಾಪನೆಯಾದ ಮುಂಬಯಿ ಪಶುವೈದ್ಯಕೀಯ ಮಹಾವಿದ್ಯಾಲಯವೂ ಇದೆ. ನಮ್ಮ ಬಡಾವಣೆಗಳಲ್ಲಿ ನಾಯಿ ಬೆಕ್ಕುಗಳನ್ನು ಸಾಕಿದ ಕುಟುಂಬಗಳು ಈಗ ಬಹಳಷ್ಟಿವೆ. ಸಾಕದವರೂ ಸಹ ಸಂಕ್ರಾಂತಿಯ ದಿನಗಳಲ್ಲಿ ಗಾಳಿಪಟದ ಮಾಂಜಾ ದಾರಕ್ಕೆ ಸಿಲುಕಿ ಬಿದ್ದ ಪಾರಿವಾಳವನ್ನೋ ಹದ್ದನ್ನೋ ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಪರೇಲಿನ ದಾರಿ ಹಿಡಿದದ್ದುಂಟು. ಅಲ್ಲಿ ವೈದ್ಯರು ರೆಕ್ಕೆಯನ್ನು ಮುಟ್ಟಿ ನೋಡಿ, ಬಳಿಕ ಅದರ ಎಕ್ಸ್‌ರೇ ತೆಗೆಯಿಸಲು ಹೇಳುತ್ತಾರೆ. ಎಲ್ಲಿ ನೋವು, ಎಂದಿನಿಂದ ನೋವು ಎಂದು ಹೇಳಲಾರದ ಜೀವಕ್ಕೆ ಆ ಚಿತ್ರವೇ ಬಾಯಿ.

ಆ ಚಿತ್ರವನ್ನು ಜಗತ್ತಿಗೆ ಕೊಟ್ಟವರು ಜರ್ಮನಿಯ ಭೌತವಿಜ್ಞಾನಿ ವಿಲ್ಹೆಲ್ಮ್ ಕಾನ್ರಾಡ್ ರಾಂಟ್‌ಜೆನ್. ಅವರ ಹೆಸರು ಶಾಲೆಯ ಪುಸ್ತಕದಲ್ಲಿ ಓದಿದ ಎಲ್ಲರಿಗೂ ಪರಿಚಿತ. ಆದರೆ ಅವರ ಬದುಕಿನ ವಿವರಗಳು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರವು. ಅವರ ಕಿರಣಗಳು ಮನುಷ್ಯರ ಆಸ್ಪತ್ರೆಯಿಂದ ಕುದುರೆ ಲಾಯಕ್ಕೂ ದನದ ಕೊಟ್ಟಿಗೆಗೂ ಹೇಗೆ ಸಾಗಿದವೆಂಬುದು ಇನ್ನೂ ಕಡಿಮೆ. ಆದುದರಿಂದ ಈ ಬಾರಿ ಆ ಮಹನೀಯರ ಜೀವನವನ್ನು ಓದುಗರ ಮುಂದಿಡುತ್ತಿದ್ದೇವೆ.

ಮೊದಲಿಗೆ ಹೆಸರಿನ ವಿಚಾರ ಒಂದಿಷ್ಟು. ಬೀಜಗಣಿತದಲ್ಲಿ ಗೊತ್ತಿಲ್ಲದ ಮೊತ್ತವನ್ನು ಎಕ್ಸ್ ಎಂದು ಗುರುತಿಸುವಂತೆ ರಾಂಟ್‌ಜೆನ್ ತಾವು ಕಂಡ, ಸ್ವರೂಪ ತಿಳಿಯದ ಕಿರಣಕ್ಕೆ ಎಕ್ಸ್ ಎಂಬ ಅಕ್ಷರವನ್ನಿಟ್ಟರು. ಕನ್ನಡದಲ್ಲಿ ಅದು ಕ್ಷ-ಕಿರಣವಾಯಿತು. ಮರಾಠಿಯಲ್ಲಿಯೂ ಅದೇ ಪದ. ವಡಾಲದ ಕನ್ನಡ ಶಾಲೆಯಲ್ಲಿ ಕಲಿತ ಮಗುವೂ ಪಕ್ಕದ ಮರಾಠಿ ಶಾಲೆಯಲ್ಲಿ ಕಲಿತ ಮಗುವೂ ವಿಜ್ಞಾನದ ಪುಸ್ತಕದಲ್ಲಿ ಒಂದೇ ಹೆಸರನ್ನು ಓದಿದ್ದು ನಮಗೆ ಸಂತೋಷ ತರುವ ಸಂಗತಿ. ಆಸ್ಪತ್ರೆಯ ಬಾಗಿಲಲ್ಲಿ ಮಾತ್ರ ಇಬ್ಬರೂ ಎಕ್ಸ್‌ರೇ ಎಂದೇ ಕೇಳುತ್ತಾರೆ.

ರಾಂಟ್‌ಜೆನ್ ಹುಟ್ಟಿದ್ದು 1845ರ ಮಾರ್ಚ್ 27ರಂದು, ಪ್ರಷ್ಯದ ಲೆನ್ನೆಪ್ ಎಂಬ ಸಣ್ಣ ಪಟ್ಟಣದಲ್ಲಿ. ತಂದೆ ಬಟ್ಟೆಯ ವ್ಯಾಪಾರಿ. ತಾಯಿಯ ಕಡೆಯವರು ಹಾಲೆಂಡಿನವರು. ದಂಪತಿಗಳಿಗೆ ಇವರೊಬ್ಬರೇ ಮಗ. ಮಗುವಿಗೆ ಮೂರು ವರ್ಷವಾದಾಗ, 1848ರಲ್ಲಿ, ಕುಟುಂಬ ಹಾಲೆಂಡಿನ ಅಪೆಲ್‌ಡೋರ್ನ್‌ಗೆ ವಲಸೆ ಹೋಯಿತು. ಹುಟ್ಟಿದೂರು ಒಂದು, ಬೆಳೆದ ಊರು ಇನ್ನೊಂದು, ಮನೆಮಾತಿನ ಜೊತೆಗೆ ಬೀದಿಯ ಮಾತು ಬೇರೆ ಎಂಬ ಬಾಳು ಮುಂಬಯಿ ಕನ್ನಡಿಗರಾದ ನಮಗೆ ಹೊಸದೇನಲ್ಲ. ಬಾಲಕ ರಾಂಟ್‌ಜೆನ್ ತರಗತಿಯಲ್ಲಿ ಎದ್ದು ಕಾಣುವ ಬುದ್ಧಿವಂತನೇನೂ ಆಗಿರಲಿಲ್ಲ. ಕಾಡು ಬಯಲು ಸುತ್ತುವುದು, ಕೈಯಿಂದ ಚಿಕ್ಕಪುಟ್ಟ ಯಂತ್ರಗಳನ್ನು ಮಾಡುವುದು ಅವನ ಪ್ರೀತಿಯ ಕೆಲಸಗಳಾಗಿದ್ದವು. ಕೈಯಿಂದಲೇ ಉಪಕರಣ ಕಟ್ಟಿಕೊಳ್ಳುವ ಆ ಅಭ್ಯಾಸ ಮುಂದೆ ಅವರನ್ನು ಎಂದೂ ಬಿಡಲಿಲ್ಲ.

1862ರಲ್ಲಿ ಅವರು ಯುಟ್ರೆಕ್ಟ್ ನಗರದ ತಾಂತ್ರಿಕ ಶಾಲೆಯನ್ನು ಸೇರಿದರು. ಅಲ್ಲಿ ನಡೆದ ಒಂದು ಘಟನೆ ಅವರ ಇಡೀ ಬಾಳಿನ ದಾರಿಯನ್ನು ತಿರುಗಿಸಿತು. ತರಗತಿಯಲ್ಲಿ ಯಾರೋ ಉಪಾಧ್ಯಾಯರೊಬ್ಬರ ವ್ಯಂಗ್ಯಚಿತ್ರ ಬರೆದರು. ಬರೆದವರು ರಾಂಟ್‌ಜೆನ್ ಅಲ್ಲ. ಬರೆದವನ ಹೆಸರು ಹೇಳುವಂತೆ ಅವರನ್ನು ಒತ್ತಾಯಿಸಲಾಯಿತು, ಅವರು ಹೇಳಲಿಲ್ಲ. ಶಾಲೆಯಿಂದ ಹೊರಹಾಕಲ್ಪಟ್ಟರು. ಗೆಳೆಯನಿಗಾಗಿ ಬಾಯಿ ಮುಚ್ಚಿಕೊಂಡದ್ದರ ಬೆಲೆಯನ್ನು ಅವರು ಹತ್ತು ವರ್ಷಕ್ಕೂ ಹೆಚ್ಚು ಕಾಲ ತೆರಬೇಕಾಯಿತು. ಶಾಲೆ ಮುಗಿಸಿದ ಪ್ರಮಾಣಪತ್ರವಿಲ್ಲದೆ ಹಾಲೆಂಡಿನಲ್ಲಾಗಲಿ ಜರ್ಮನಿಯಲ್ಲಾಗಲಿ ವಿಶ್ವವಿದ್ಯಾಲಯದ ಪೂರ್ಣ ವಿದ್ಯಾರ್ಥಿಯಾಗುವ ಅವಕಾಶ ಸಿಗಲಿಲ್ಲ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಪಾಲಿಟೆಕ್ನಿಕ್ ಮಾತ್ರ ಅಂಥವರಿಗೂ ಬಾಗಿಲು ತೆರೆದಿತ್ತು. 1865ರಲ್ಲಿ ಅಲ್ಲಿ ಯಂತ್ರಶಾಸ್ತ್ರದ ವಿದ್ಯಾರ್ಥಿಯಾಗಿ ಸೇರಿ, 1868ರಲ್ಲಿ ಪದವಿ ಪಡೆದು, ಮರುವರ್ಷ ಜ್ಯೂರಿಕ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಗಳಿಸಿದರು. ಅಲ್ಲಿಯೇ ಆಗಸ್ಟ್ ಕುಂಟ್ ಎಂಬ ಪ್ರಾಧ್ಯಾಪಕರ ಕಣ್ಣಿಗೆ ಬಿದ್ದು ಅವರ ಸಹಾಯಕರಾದರು. ಅದೇ ಊರಿನಲ್ಲಿ ಪಾನಗೃಹ ನಡೆಸುತ್ತಿದ್ದವರೊಬ್ಬರ ಮಗಳಾದ ಅನ್ನಾ ಬರ್ತಾ ಲುಡ್ವಿಗ್ ಅವರ ಪರಿಚಯವಾಗಿ, 1872ರಲ್ಲಿ ಮದುವೆಯಾಯಿತು. ಅವರಿಗೆ ಮಕ್ಕಳಾಗಲಿಲ್ಲ; ಬರ್ತಾ ಅವರ ಸೋದರನ ಮಗಳನ್ನು 1887ರಲ್ಲಿ, ಅವಳ ಆರನೆಯ ವಯಸ್ಸಿನಲ್ಲಿ, ಮನೆಗೆ ತಂದು ಸಾಕಿದರು.

ಗುರು ಕುಂಟ್ ಅವರ ಜೊತೆಗೆ ರಾಂಟ್‌ಜೆನ್ 1870ರಲ್ಲಿ ವುರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಬಂದಾಗ ಹಳೆಯ ಕಥೆ ಮತ್ತೆ ಎದುರು ನಿಂತಿತು. ಶಾಲೆಯ ಪ್ರಮಾಣಪತ್ರ ಇಲ್ಲದವರಿಗೆ ಬೋಧಕ ಹುದ್ದೆ ಕೊಡಲಾಗದೆಂದು ವಿಶ್ವವಿದ್ಯಾಲಯ ನಿರಾಕರಿಸಿತು. ಗುರುಶಿಷ್ಯರಿಬ್ಬರೂ ಸ್ಟ್ರಾಸ್‌ಬರ್ಗ್‌ಗೆ ಹೋದರು. ಅಲ್ಲಿ 1874ರಲ್ಲಿ ಕೊನೆಗೂ ಬೋಧನೆಯ ಅಧಿಕಾರ ದೊರೆಯಿತು. 1875ರಲ್ಲಿ ಅವರಿಗೆ ಮೊದಲ ಪ್ರಾಧ್ಯಾಪಕ ಹುದ್ದೆಯನ್ನು ಕೊಟ್ಟದ್ದು ಯಾವುದೋ ಪ್ರಸಿದ್ಧ ವಿಶ್ವವಿದ್ಯಾಲಯವಲ್ಲ, ಹೋಹೆನ್‌ಹೈಮ್ ಎಂಬಲ್ಲಿಯ ಕೃಷಿ ವಿದ್ಯಾಲಯ. ಬೆಳೆ, ಮಣ್ಣು, ದನಕರುಗಳ ವಿದ್ಯೆ ಕಲಿಸುವ ಆವರಣದಲ್ಲಿ ಅವರು ಸ್ವಲ್ಪ ಕಾಲ ಭೌತವಿಜ್ಞಾನ, ಗಣಿತ ಹೇಳಿಕೊಟ್ಟರು. ಆ ಕೆಲಸ ಅವರಿಗೆ ಒಗ್ಗಲಿಲ್ಲ, ಬೇಗನೆ ಸ್ಟ್ರಾಸ್‌ಬರ್ಗ್‌ಗೆ ಮರಳಿದರು. ಆದರೂ ಮುಂದೆ ಪಶುವೈದ್ಯರ ಕೈಗೆ ಬಲು ದೊಡ್ಡ ಸಾಧನವನ್ನು ಕೊಡಲಿದ್ದವರು ಪ್ರಾಧ್ಯಾಪಕರಾದದ್ದು ರೈತ ವಿದ್ಯೆಯ ಮನೆಯಲ್ಲಿ ಎಂಬುದನ್ನು ಹೇಳದೆ ಮುಂದೆ ಹೋಗಲು ನಮಗೆ ಮನಸ್ಸು ಬರುವುದಿಲ್ಲ. 1879ರಲ್ಲಿ ಗೀಸೆನ್, 1888ರಲ್ಲಿ ವುರ್ಟ್ಸ್‌ಬರ್ಗ್. ಹದಿನೆಂಟು ವರ್ಷ ಹಿಂದೆ ಬಾಗಿಲು ಮುಚ್ಚಿದ ವಿಶ್ವವಿದ್ಯಾಲಯವೇ ಅವರನ್ನು ಪ್ರಾಧ್ಯಾಪಕರನ್ನಾಗಿ ಕರೆಸಿಕೊಂಡಿತು. 1894ರಲ್ಲಿ ತನ್ನ ಮುಖ್ಯಸ್ಥರನ್ನಾಗಿಯೂ ಆರಿಸಿಕೊಂಡಿತು.

1895ರ ನವೆಂಬರ್ 8, ಶುಕ್ರವಾರ. ಆಗ ಯುರೋಪಿನ ಅನೇಕ ಪ್ರಯೋಗಶಾಲೆಗಳಲ್ಲಿ ಗಾಳಿಯನ್ನು ಬಹುಮಟ್ಟಿಗೆ ಹೊರತೆಗೆದ ಗಾಜಿನ ಕೊಳವೆಯಲ್ಲಿ ವಿದ್ಯುತ್ ಹಾಯಿಸಿ ನೋಡುವ ಪ್ರಯೋಗಗಳು ನಡೆಯುತ್ತಿದ್ದವು. ರಾಂಟ್‌ಜೆನ್ ಕೊಳವೆಗೆ ಕಪ್ಪು ರಟ್ಟಿನ ಹೊದಿಕೆ ಹಾಕಿ, ಕೋಣೆಯನ್ನು ಕತ್ತಲು ಮಾಡಿ, ವಿದ್ಯುತ್ ಹಾಯಿಸಿದರು. ಹೊದಿಕೆಯಿಂದ ಬೆಳಕು ಹೊರಬರುತ್ತಿಲ್ಲವೆಂದು ನೋಡುತ್ತಿರುವಾಗ, ದೂರದಲ್ಲಿದ್ದ, ಬೇರಿಯಂ ಲವಣವೊಂದನ್ನು ಬಳಿದ ಹಾಳೆ ಹೊಳೆಯತೊಡಗಿತು. ರಟ್ಟನ್ನು ತೂರಿಕೊಂಡು ಏನೋ ಒಂದು ಹೊರಗೆ ಬರುತ್ತಿತ್ತು. ಇತರರ ಪ್ರಯೋಗಶಾಲೆಗಳಲ್ಲಿಯೂ ಆ ಕಿರಣ ಹುಟ್ಟಿರಲೇಬೇಕು. ಕಂಡು ನಿಂತು ಕೇಳಿದವರು ಇವರು.

ಮುಂದಿನ ಏಳು ವಾರ ಅವರು ಪ್ರಯೋಗಶಾಲೆಯಲ್ಲಿಯೇ ಉಂಡರು, ಅಲ್ಲಿಯೇ ಮಲಗಿದರು, ಯಾರಿಗೂ ವಿಷಯ ತಿಳಿಸಲಿಲ್ಲ. ಕಿರಣದ ದಾರಿಯಲ್ಲಿ ಒಂದೊಂದೇ ವಸ್ತುವನ್ನಿಟ್ಟು ನೋಡಿದರು. ಸಾವಿರ ಪುಟಗಳ ಪುಸ್ತಕ, ಇಸ್ಪೀಟು ಎಲೆಗಳ ಕಟ್ಟು, ಮರದ ಹಲಗೆ, ಬೇರೆ ಬೇರೆ ದಪ್ಪದ ಲೋಹದ ತಗಡುಗಳು. ಪುಸ್ತಕ, ಮರಗಳನ್ನು ಕಿರಣ ಸುಲಭವಾಗಿ ದಾಟಿತು. ಒಂದೂವರೆ ಮಿಲಿಮೀಟರ್ ದಪ್ಪದ ಸೀಸ ಮಾತ್ರ ಅದನ್ನು ಬಹುಮಟ್ಟಿಗೆ ತಡೆಯಿತು. ಡಿಸೆಂಬರ್ 22ರಂದು ಹೆಂಡತಿಯನ್ನು ಪ್ರಯೋಗಶಾಲೆಗೆ ಕರೆದು, ಅವರ ಕೈಯನ್ನು ಛಾಯಾಫಲಕದ ಮೇಲೆ ಇರಿಸಿಕೊಳ್ಳುವಂತೆ ಹೇಳಿ, ಸುಮಾರು 15 ನಿಮಿಷ ಕಿರಣ ಹಾಯಿಸಿದರು. ಫಲಕದ ಮೇಲೆ ಬೆರಳ ಮೂಳೆಗಳೂ ಉಂಗುರವೂ ಮೂಡಿದವು. ತಮ್ಮದೇ ಮೂಳೆಗಳನ್ನು ಕಂಡ ಆ ತಾಯಿಗೆ ಸಾವಿನ ಮುನ್ಸೂಚನೆ ಕಂಡಂತಾಗಿ ದಿಗಿಲಾಯಿತು ಎನ್ನುತ್ತಾರೆ.

ಬರ್ತಾ ಅವರು ಗಂಡನ ಮಾತಿನಂತೆ 15 ನಿಮಿಷ ಕೈ ಅಲುಗಿಸದೆ ಕುಳಿತರು ಎಂಬ ಸಂಗತಿಯನ್ನು ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕೆಂದು ನಮ್ಮ ಕೋರಿಕೆ. ಪ್ರಾಣಿಗಳ ಚಿತ್ರಣದ ವಿದ್ಯೆಯೆಲ್ಲ ಒಂದು ರೀತಿಯಲ್ಲಿ ಅಲ್ಲಿಂದಲೇ ಬೇರೆಯಾಗುತ್ತದೆ.

ಡಿಸೆಂಬರ್ 28ರಂದು ರಾಂಟ್‌ಜೆನ್ ತಮ್ಮ ಬರಹವನ್ನು ವುರ್ಟ್ಸ್‌ಬರ್ಗಿನ ಭೌತ-ವೈದ್ಯಕೀಯ ಸಂಘಕ್ಕೆ ಒಪ್ಪಿಸಿದರು. ಹೊಸ ವರ್ಷದ ದಿನ ಅದರ ಪ್ರತಿಗಳನ್ನೂ ಕೆಲವು ಚಿತ್ರಗಳನ್ನೂ ಪರಿಚಿತ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳುಹಿಸಿದರು. ನಾಲ್ಕೇ ದಿನಗಳಲ್ಲಿ ವಿಯೆನ್ನಾದ ಪತ್ರಿಕೆಯಲ್ಲಿ ಸುದ್ದಿ ಬಂದು ಜಗತ್ತಿಗೆಲ್ಲ ಹಬ್ಬಿತು. 1896ರ ಜನವರಿ 13ರಂದು ಬರ್ಲಿನ್ನಿನಲ್ಲಿ ಜರ್ಮನ್ ಚಕ್ರವರ್ತಿಯ ಮುಂದೆ ಪ್ರಯೋಗ ತೋರಿಸಿದರು. ಅದೇ ತಿಂಗಳ 23ರಂದು ವುರ್ಟ್ಸ್‌ಬರ್ಗಿನ ಸಭೆಯಲ್ಲಿ ಹಿರಿಯ ಅಂಗರಚನಾ ಶಾಸ್ತ್ರಜ್ಞ ಕೋಲಿಕರ್ ಅವರ ಕೈಯ ಚಿತ್ರ ತೆಗೆದಾಗ, ಈ ಕಿರಣಗಳಿಗೆ ರಾಂಟ್‌ಜೆನ್ ಅವರ ಹೆಸರನ್ನೇ ಇಡಬೇಕೆಂದು ಕೋಲಿಕರ್ ಸೂಚಿಸಿದರು. ರಾಂಟ್‌ಜೆನ್ ಮಾತ್ರ ಎಕ್ಸ್ ಎಂಬ ಅಕ್ಷರವನ್ನೇ ಬಳಸುತ್ತ ಬಂದರು.

ಪ್ರಾಣಿಗಳ ಸರದಿ ಬರಲು ತಡವಾಗಲಿಲ್ಲ. ಆ ವರ್ಷದ ಆರಂಭದಲ್ಲಿಯೇ ವಿಯೆನ್ನಾದ ಏಡರ್ ಮತ್ತು ವಾಲೆಂಟಾ ಎಂಬಿಬ್ಬರು ಕಪ್ಪೆ, ಮೀನು, ಹಾವು, ಊಸರವಳ್ಳಿ, ಇಲಿ ಮುಂತಾದವುಗಳ ಎಕ್ಸ್‌ರೇ ಚಿತ್ರಗಳ ಸಂಪುಟವನ್ನು ಪ್ರಕಟಿಸಿದರು. ಇಂದಿಗೂ ಆ ಚಿತ್ರಗಳ ಸೊಗಸು ಮಾಸಿಲ್ಲ. ಬರ್ಲಿನ್ನಿನ ರಿಚರ್ಡ್ ಎಬರ್‌ಲೈನ್, ಲಂಡನ್ನಿನ ಫ್ರೆಡರಿಕ್ ಹಾಬ್‌ಡೆ ಮೊದಲಾದ ಪಶುವೈದ್ಯರು ಅದೇ 1896ರಲ್ಲಿ ಈ ಕಿರಣಗಳನ್ನು ತಮ್ಮ ರೋಗಿಗಳ ಮೇಲೆ ಪ್ರಯೋಗಿಸತೊಡಗಿದರು. ಅವರ ಗಮನವೆಲ್ಲ ಹೆಚ್ಚಾಗಿ ಕುದುರೆಯ ಗೊರಸಿನ ಮೇಲೆ. ಅಂದಿನ ಸೈನ್ಯ, ಸಾಗಾಟ, ಊರಿನ ಗಾಡಿ ಎಲ್ಲವೂ ಕುದುರೆಯ ಕಾಲಿನ ಮೇಲೆ ನಿಂತಿದ್ದವು. ಗೊರಸಾದರೋ ಗಟ್ಟಿ ಪೆಟ್ಟಿಗೆಯ ಹಾಗೆ, ಒಳಗೆ ಏನಾಗಿದೆಯೆಂದು ಹೊರಗಿನಿಂದ ಯಾರಿಗೂ ಕಾಣದು.

ನಮ್ಮ ಮುಂಬಯಿಗೆ 1896 ಮರೆಯಲಾಗದ ವರ್ಷ. ಜುಲೈ 7ರಂದು ವಾಟ್ಸನ್ ಹೋಟೆಲಿನಲ್ಲಿ ಲ್ಯೂಮಿಯರ್ ಸೋದರರ ಚಲನಚಿತ್ರ ಪ್ರದರ್ಶನವಾಯಿತು; ಸೆಪ್ಟೆಂಬರಿನಲ್ಲಿ ಮಾಂಡ್ವಿಯಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಮರುವರ್ಷ ವಾಯವ್ಯ ಗಡಿಯ ತಿರಾಹ್ ದಂಡಯಾತ್ರೆಯಲ್ಲಿ ಬ್ರಿಟಿಷ್ ಸೇನಾ ವೈದ್ಯ ಬೀವರ್ ಎಕ್ಸ್‌ರೇ ಉಪಕರಣವನ್ನು ಗುಡ್ಡಗಾಡಿಗೆ ಒಯ್ದು, ಗಾಯಾಳುಗಳ ಮೈಯೊಳಗಿನ ಗುಂಡುಗಳನ್ನು ಗುರುತಿಸಿದರು. ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರೂ ಈ ಕಿರಣಗಳೊಂದಿಗೆ ಪ್ರಯೋಗ ನಡೆಸಿದರು. ವುರ್ಟ್ಸ್‌ಬರ್ಗಿನ ಒಂದು ಕೋಣೆಯ ಕತ್ತಲಿನಿಂದ ಭಾರತಕ್ಕೆ ಬರಲು ಕಿರಣಕ್ಕೆ ಎರಡು ವರ್ಷವೂ ಹಿಡಿಯಲಿಲ್ಲ.

ಇಷ್ಟು ಬೇಗ ಹೇಗೆ ಹಬ್ಬಿತು? ರಾಂಟ್‌ಜೆನ್ ಅದಕ್ಕೆ ಸ್ವಾಮ್ಯದ ಹಕ್ಕು ಪಡೆಯಲಿಲ್ಲ. ದೊಡ್ಡ ವಿದ್ಯುತ್ ಕಂಪೆನಿಗಳು ಬಾಗಿಲಿಗೆ ಬಂದಾಗಲೂ ಅವರು ಒಪ್ಪಲಿಲ್ಲ. ವಿಶ್ವವಿದ್ಯಾಲಯದಲ್ಲಿದ್ದು ಕಂಡುಕೊಂಡದ್ದು ಎಲ್ಲರ ಸೊತ್ತು ಎಂಬುದು ಅವರ ನಿಲುವಾಗಿತ್ತು. ಇದನ್ನು ಬರಿಯ ಔದಾರ್ಯವೆಂದು ಹೊಗಳಿ ಬಿಟ್ಟರೆ ಅದರ ಪರಿಣಾಮ ನಮಗೆ ತಿಳಿಯದು. ಪ್ರತಿ ಕೊಳವೆಗೂ ಪ್ರತಿ ಚಿತ್ರಕ್ಕೂ ಶುಲ್ಕ ತೆರಬೇಕಾಗಿದ್ದರೆ ಅದು ಮೊದಲು ಶ್ರೀಮಂತರ ಆಸ್ಪತ್ರೆಗೆ, ಬಳಿಕ ಬಡವರ ಆಸ್ಪತ್ರೆಗೆ ಹೋಗಿ, ಎಲ್ಲಕ್ಕೂ ಕೊನೆಗೆ ಹಣ ಕೊಡಲಾರದ ರೋಗಿಯ ಬಳಿಗೆ ಬರುತ್ತಿತ್ತು. ಎಬರ್‌ಲೈನ್, ಹಾಬ್‌ಡೆ ಅವರು ಅದೇ ವರ್ಷ ಕುದುರೆಯ ಗೊರಸಿಗೆ ಕಿರಣ ಹಾಯಿಸಲು ಯಾರ ಅನುಮತಿಯನ್ನೂ ಕೇಳಬೇಕಾಗಲಿಲ್ಲ.

ಇನ್ನು ಆ ವಿದ್ಯೆಯನ್ನು ಕುರಿತು. ಇಂದಿನ ಎಕ್ಸ್‌ರೇ ಕೊಳವೆಯಲ್ಲಿಯೂ ಮೂಲತತ್ತ್ವ ರಾಂಟ್‌ಜೆನ್ ಕಾಲದ್ದೇ. ಒಂದು ತುದಿಯಿಂದ ಹೊರಟ ಎಲೆಕ್ಟ್ರಾನುಗಳು ಸಾವಿರಾರು ವೋಲ್ಟುಗಳ ಒತ್ತಡದಲ್ಲಿ ಧಾವಿಸಿ ಇನ್ನೊಂದು ತುದಿಯ ಟಂಗ್‌ಸ್ಟನ್ ಲೋಹಕ್ಕೆ ಅಪ್ಪಳಿಸುತ್ತವೆ. ಆ ಶಕ್ತಿಯಲ್ಲಿ ನೂರಕ್ಕೆ 99ರಷ್ಟು ಬರಿಯ ಶಾಖವಾಗಿ ಹೋಗುತ್ತದೆ. ಉಳಿದ ಒಂದು ಪಾಲು ಕ್ಷ-ಕಿರಣ. ವೋಲ್ಟೇಜನ್ನು ಏರಿಸಿದರೆ ಕಿರಣದ ತೂರುವ ಬಲ ಹೆಚ್ಚುತ್ತದೆ, ವಿದ್ಯುತ್ ಪ್ರವಾಹವನ್ನೂ ಸಮಯವನ್ನೂ ಹೆಚ್ಚಿಸಿದರೆ ಕಿರಣದ ಪ್ರಮಾಣ ಹೆಚ್ಚುತ್ತದೆ. ಗಿಳಿಯ ರೆಕ್ಕೆಗೆ ಸಾಕಾಗುವ ಬಲ ಎಮ್ಮೆಯ ಎದೆಗೆ ಸಾಲದು. ಮನುಷ್ಯರ ವೈದ್ಯರಿಗೆ ಒಂದೇ ಜಾತಿಯ ರೋಗಿ. ಪಶುವೈದ್ಯರ ಕೋಣೆಗೆ ಬೆಳಿಗ್ಗೆ ಮೊಲ ಬಂದರೆ ಮಧ್ಯಾಹ್ನ ಕುದುರೆ ಬರಬಹುದು. ಪ್ರತಿಯೊಂದಕ್ಕೂ ಲೆಕ್ಕ ಬೇರೆ.

ಚಿತ್ರದಲ್ಲಿ ಕಾಣುವುದೆಲ್ಲ ಐದು ಛಾಯೆಗಳು. ಗಾಳಿ ಕಪ್ಪು, ಕೊಬ್ಬು ಕಡುಬೂದು, ನೀರು ಮತ್ತು ಮಾಂಸ ತಿಳಿಬೂದು, ಮೂಳೆ ಬಿಳಿ, ಲೋಹ ಅಚ್ಚಬಿಳಿ. ನೀರಿಗೂ ಮಾಂಸಕ್ಕೂ ಒಂದೇ ಬಣ್ಣವಾದುದರಿಂದ ಹೃದಯದ ಗೋಡೆ ಯಾವುದು, ಒಳಗಿನ ರಕ್ತ ಯಾವುದು ಎಂದು ಎಕ್ಸ್‌ರೇಯಲ್ಲಿ ಬೇರ್ಪಡಿಸಿ ನೋಡಲಾಗದು. ಮತ್ತೊಂದು ಮಾತು: ಚಿತ್ರವೆಂದರೆ ನೆರಳು, ನೆರಳಿಗೆ ಆಳವಿಲ್ಲ. ನಾಯಿ ನುಂಗಿದ ನಾಣ್ಯ ಬೆನ್ನೆಲುಬಿನ ಬಳಿ ಇದೆಯೋ ಹೊಟ್ಟೆಯ ತಳದಲ್ಲಿದೆಯೋ ಎಂಬುದು ಒಂದು ಚಿತ್ರದಿಂದ ತಿಳಿಯದು. ಆದ್ದರಿಂದ ಮಗ್ಗುಲಲ್ಲಿ ಮಲಗಿಸಿ ಒಂದು, ಅಂಗಾತ ಅಥವಾ ಬೋರಲು ಮಲಗಿಸಿ ಇನ್ನೊಂದು, ಹೀಗೆ ಎರಡು ಚಿತ್ರಗಳನ್ನು ತೆಗೆಯುವುದು ನಿಯಮ. ಎರಡನೆಯ ಚಿತ್ರಕ್ಕೆ ಹಣ ಕೇಳಿದಾಗ ವೈದ್ಯರ ಮೇಲೆ ಅನುಮಾನ ಪಡುವ ಮಿತ್ರರು ನಮ್ಮಲ್ಲಿ ಕೆಲವರಿದ್ದಾರೆ. ಅವರಿಗಾಗಿ ಈ ವಿವರ.

ಬರ್ತಾ ಅವರು ಅಲುಗದೆ ಕುಳಿತರು ಎಂದೆವಲ್ಲ. ಉಸಿರು ಹಿಡಿದುಕೋ, ಕದಲಬೇಡ ಎಂದು ನಾಯಿಗೆ ಹೇಳುವಂತಿಲ್ಲ. ಓಡಿಬಂದು ಏದುಸಿರು ಬಿಡುವ ನಾಯಿಯ ಎದೆಯ ಚಿತ್ರ ಮಸುಕಾಗುತ್ತದೆ. ಇದಕ್ಕಾಗಿ ಪಶುವೈದ್ಯರು ಸೆಕೆಂಡಿನ ಅತಿ ಸಣ್ಣ ಭಾಗದಲ್ಲಿ ಚಿತ್ರ ಮುಗಿಸುತ್ತಾರೆ. ಅದೂ ಪ್ರಾಣಿ ಉಸಿರನ್ನು ಪೂರ್ತಿ ಒಳಗೆಳೆದುಕೊಂಡ ಕ್ಷಣವನ್ನು ಕಾದು. ಮರಳು ಚೀಲ, ಸ್ಪಂಜಿನ ದಿಂಬು, ಹತ್ತಿಯ ಪಟ್ಟಿಗಳಿಂದ ಕಾಲುಗಳನ್ನು ಸ್ಥಿರವಾಗಿಡುತ್ತಾರೆ. ಅನೇಕ ವೇಳೆ ಮಂಪರು ಬರಿಸುವ ಚುಚ್ಚುಮದ್ದು ಕೊಡುತ್ತಾರೆ. ಮನೆಯವರು ಈ ಮಂಪರಿಗೆ ಹೆದರುವುದು ಸಹಜ. ಆದರೆ ಮುರಿದ ಕಾಲನ್ನು ಎಳೆದು ಹಿಡಿದು ಚಿತ್ರ ತೆಗೆಯುವುದಕ್ಕಿಂತ ಅದು ಪ್ರಾಣಿಗೆ ದಯೆಯ ಹಾದಿ, ಹಿಡಿಯುವವರಿಗೂ ಕ್ಷೇಮ.

ಊರಿನಲ್ಲಿ ದನದ ಡಾಕ್ಟರು ಎಂದು ನಮ್ಮ ಹಿರಿಯರು ಕರೆಯುತ್ತಿದ್ದವರಿಗೆ ಒಂದು ಕಾಯಿಲೆ ಚೆನ್ನಾಗಿ ಗೊತ್ತು. ಹಸು, ಎಮ್ಮೆಗಳು ಮೇವನ್ನು ಸರಿಯಾಗಿ ಅಗಿಯದೆ ನುಂಗಿ ಆಮೇಲೆ ಮೆಲುಕು ಹಾಕುತ್ತವೆ. ಹುಲ್ಲಿನ ಕಟ್ಟಿನ ತಂತಿ, ಮೊಳೆ, ಸೂಜಿಗಳು ಅದರೊಡನೆ ಒಳಗೆ ಹೋಗಿ ಜೇನುಗೂಡಿನ ಹಾಗಿರುವ ಹೊಟ್ಟೆಯ ಕೋಣೆಯಲ್ಲಿ ನಿಲ್ಲುತ್ತವೆ. ಆ ಕೋಣೆಯ ಮುಂದೆಯೇ ವಪೆ, ಅದರಾಚೆ ಹೃದಯ. ತಂತಿ ಒತ್ತಿ ಒತ್ತಿ ಹೃದಯದ ಪೊರೆಯನ್ನು ಚುಚ್ಚಿತೆಂದರೆ ಹಾಲು ಕೊಡುವ ಎಮ್ಮೆ ಮೇವು ಬಿಟ್ಟು, ಬೆನ್ನು ಬಿಲ್ಲಾಗಿಸಿ ನಿಲ್ಲುತ್ತದೆ. ಮುಂಬಯಿಯ ತಬೇಲಗಳಲ್ಲಿ ಎಮ್ಮೆ ಕಟ್ಟಿದವರಿಗೆ ಅದು ಬರಿಯ ರೋಗವಲ್ಲ, ಮನೆಯ ಅನ್ನದ ಪ್ರಶ್ನೆ. ಬಲವಾದ ಯಂತ್ರದಿಂದ ತೆಗೆದ ಎಕ್ಸ್‌ರೇಯಲ್ಲಿ ತಂತಿ ಅಚ್ಚಬಿಳಿಯ ಗೆರೆಯಾಗಿ ಕಾಣುತ್ತದೆ. ಎಲ್ಲಿ ಕೊಯ್ಯಬೇಕು, ಕೊಯ್ದು ಫಲವಿದೆಯೇ ಎಂದು ಆಗ ತೀರ್ಮಾನಿಸಬಹುದು. ಆದರೆ ಇಂದು ನಮ್ಮ ಬೀದಿಯ ಹಸುಗಳ ಹೊಟ್ಟೆಯಲ್ಲಿ ತುಂಬಿಕೊಳ್ಳುವ ಪ್ಲಾಸ್ಟಿಕ್ ಚೀಲಗಳು ಹೀಗೆ ಎದ್ದು ಕಾಣುವುದಿಲ್ಲ. ಕಬ್ಬಿಣದ ಒಂದು ಮೊಳೆ ತನ್ನನ್ನು ತಾನೇ ತೋರಿಸಿಕೊಡುತ್ತದೆ, ಕಿಲೋಗಟ್ಟಲೆ ಪ್ಲಾಸ್ಟಿಕ್ ಮರೆಯಲ್ಲಿಯೇ ಇರುತ್ತದೆ. ನಾವು ಕಸಕ್ಕೆ ಎಸೆಯುವ ಚೀಲವನ್ನು ರಾಂಟ್‌ಜೆನ್ ಕಿರಣವೂ ಹಿಡಿದುಕೊಡಲಾರದು.

ಗರ್ಭಿಣಿ ನಾಯಿಯ ಹೊಟ್ಟೆಯಲ್ಲಿ ಎಷ್ಟು ಮರಿಗಳಿವೆಯೆಂದು ಎಣಿಸಲೂ ಎಕ್ಸ್‌ರೇ ಬಳಕೆಯಾಗುತ್ತದೆ. ಮರಿಗಳ ಮೂಳೆಯಲ್ಲಿ ಸುಣ್ಣದ ಅಂಶ ಸೇರುವುದು ಸುಮಾರು 45 ದಿನಗಳಾದ ಮೇಲೆ, ಆದ್ದರಿಂದ ಅದಕ್ಕೆ ಮೊದಲು ತೆಗೆದರೆ ಏನೂ ಕಾಣದು. ಮೂತ್ರಕೋಶದ ಕಲ್ಲುಗಳಲ್ಲಿ ಬಹಳಷ್ಟು ಕಾಣುತ್ತವೆ. ಡಾಲ್ಮೇಶಿಯನ್ ತಳಿಯ ನಾಯಿಗಳಲ್ಲಿ ಹೆಚ್ಚಾಗಿ ಆಗುವ ಯೂರೇಟ್ ಕಲ್ಲುಗಳು ಸಾಮಾನ್ಯವಾಗಿ ಕಾಣುವುದಿಲ್ಲ. ಇಂಥಲ್ಲಿ ಅಲ್ಟ್ರಾಸೌಂಡ್ ನೆರವಿಗೆ ಬರುತ್ತದೆ. ಅದು ಶಬ್ದದ ಅಲೆಗಳ ಪ್ರತಿಧ್ವನಿಯಿಂದ ಚಿತ್ರ ಕಟ್ಟುವುದರಿಂದ ನೀರಿಗೂ ಮಾಂಸಕ್ಕೂ ಭೇದ ತೋರಿಸುತ್ತದೆ, ಹೃದಯದ ಕವಾಟ ಆಡುವುದನ್ನೂ ತೋರಿಸುತ್ತದೆ. ಗಾಳಿ, ಮೂಳೆ ಎದುರಾದರೆ ಮಾತ್ರ ಅಲ್ಲಿಗೇ ನಿಲ್ಲುತ್ತದೆ. ನೆರಳಿಗೆ ಆಳ ಕೊಟ್ಟದ್ದು ಸಿ.ಟಿ. ಸ್ಕ್ಯಾನ್. 1971ರಲ್ಲಿ ಮೊದಲ ರೋಗಿಯ ಮೇಲೆ ಬಳಕೆಯಾದ ಆ ಯಂತ್ರಕ್ಕಾಗಿ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್ ಅವರಿಗೆ 1979ರಲ್ಲಿ ನೊಬೆಲ್ ಬಂದಿತು. ಅದರ ಒಳಗೆ ತಿರುಗುವುದೂ ರಾಂಟ್‌ಜೆನ್ ಕಿರಣವೇ. ನಮ್ಮ ನಗರದಲ್ಲಿ 2024ರಲ್ಲಿ ಮಹಾಲಕ್ಷ್ಮಿಯಲ್ಲಿ ತೆರೆದ ಟಾಟಾ ಟ್ರಸ್ಟಿನ ಪ್ರಾಣಿ ಆಸ್ಪತ್ರೆ ಇಂಥ ಆಧುನಿಕ ಚಿತ್ರಣ ವ್ಯವಸ್ಥೆಗಳೊಂದಿಗೆ ಕೆಲಸ ಆರಂಭಿಸಿತು.

ರಾಂಟ್‌ಜೆನ್ ಅವರನ್ನು ಪ್ರಾಣಿಗಳ ಬಂಧುವೆಂದು ಬಣ್ಣಿಸಲು ನಾವು ಹೊರಟಿಲ್ಲ. ಅವರು ಬೇಟೆಯನ್ನು ಬಹಳ ಪ್ರೀತಿಸುತ್ತಿದ್ದರು. ಮ್ಯೂನಿಕ್ ಬಳಿಯ ವೈಲ್‌ಹೈಮ್‌ನಲ್ಲಿ ಬೇಟೆಗೆಂದೇ ಮನೆ ಮಾಡಿಕೊಂಡಿದ್ದರು. ತಮ್ಮ ಬೇಟೆಯ ಕೋವಿಗೆ ಕಿರಣ ಹಾಯಿಸಿ ಲೋಹದ ಒಳಗಿನ ದೋಷಗಳನ್ನು ತೋರಿಸಿದ ಚಿತ್ರ ಇಂದಿಗೂ ಪ್ರಸಿದ್ಧ. ಕಾಡುಪ್ರಾಣಿಯ ಮೈಯಲ್ಲಿ ಹುದುಗಿದ ಕೋವಿಯ ಚರೆಗಳನ್ನು ಪಶುವೈದ್ಯರು ಇಂದು ಅದೇ ಕಿರಣದಿಂದ ಎಣಿಸುತ್ತಾರೆ. ಈ ವಿಪರ್ಯಾಸವನ್ನು ಕಂಡಿದ್ದರೆ ಅವರು ಏನೆನ್ನುತ್ತಿದ್ದರೋ!

ಕಿರಣದ ಇನ್ನೊಂದು ಮುಖ ಬೇಗನೆ ಕಾಣಿಸಿಕೊಂಡಿತು. ಅಮೆರಿಕದಲ್ಲಿ ಥಾಮಸ್ ಎಡಿಸನ್ 1896ರಲ್ಲಿಯೇ ಕಿರಣವನ್ನು ನೇರವಾಗಿ ಕಣ್ಣಿಗೆ ಕಾಣಿಸುವ ಉಪಕರಣ ತಯಾರಿಸಿದರು. ಅವರ ಸಹಾಯಕ ಕ್ಲಾರೆನ್ಸ್ ಡಾಲಿ ದಿನವೂ ತನ್ನ ಕೈಯನ್ನೇ ಇಟ್ಟು ಅದನ್ನು ಪರೀಕ್ಷಿಸುತ್ತಿದ್ದರು. ಕೈ ಸುಟ್ಟಿತು, ಹುಣ್ಣಾಯಿತು, ಅರ್ಬುದವಾಯಿತು, ತೋಳುಗಳನ್ನು ಕತ್ತರಿಸಬೇಕಾಯಿತು. 1904ರಲ್ಲಿ ಅವರು ತೀರಿಕೊಂಡರು. ಎಡಿಸನ್ ಆ ಕೆಲಸವನ್ನೇ ಕೈಬಿಟ್ಟರು. ರಾಂಟ್‌ಜೆನ್ ಅವರಿಗೆ ಅಂಥ ಹಾನಿಯಾಗಲಿಲ್ಲ. ಛಾಯಾಫಲಕಗಳು ಹಾಳಾಗದಿರಲೆಂದು ಅವರು ಸತುವಿನ ದೊಡ್ಡ ಪೆಟ್ಟಿಗೆಯೊಂದನ್ನು ಮಾಡಿಸಿ, ಕೊಳವೆಯ ಕಡೆಗೆ ಸೀಸದ ತಗಡನ್ನಿಟ್ಟು, ಅದರೊಳಗೆ ನಿಂತು ಕೆಲಸ ಮಾಡುತ್ತಿದ್ದರು. ಫಲಕಕ್ಕೆಂದು ಮಾಡಿಸಿದ ಪೆಟ್ಟಿಗೆ ಅವರ ದೇಹವನ್ನೂ ಕಾಯ್ದಿತು.

ಪಶುವೈದ್ಯಕೀಯದಲ್ಲಿ ಈ ಮಾತಿಗೆ ವಿಶೇಷ ತೂಕವಿದೆ. ಮನುಷ್ಯ ರೋಗಿಯನ್ನು ಕೋಣೆಯಲ್ಲಿ ಬಿಟ್ಟು ತಂತ್ರಜ್ಞರು ಹೊರಗೆ ನಿಲ್ಲುತ್ತಾರೆ. ಪ್ರಾಣಿಯ ಜೊತೆಗೆ ಯಾರಾದರೂ ನಿಲ್ಲಬೇಕಾಗಿ ಬರುತ್ತದೆ. ನಿಲ್ಲುವವರು ಸೀಸದ ಮೇಲಂಗಿ, ಕೈಚೀಲ, ಕೊರಳಪಟ್ಟಿ ಧರಿಸಬೇಕು, ಕೈ ಎಂದೂ ಕಿರಣದ ನೇರ ದಾರಿಗೆ ಬರಬಾರದು, ದಿನವೂ ಒಬ್ಬರೇ ಹಿಡಿಯಬಾರದು. ಸೀಸದ ಕೈಚೀಲ ಚದುರಿದ ಕಿರಣವನ್ನು ತಡೆಯಲೆಂದು ಇದೆಯೇ ಹೊರತು ನೇರ ಕಿರಣವನ್ನಲ್ಲ. ದೂರ ನಿಂತಷ್ಟೂ ಒಳ್ಳೆಯದು: ದೂರ ಎರಡು ಪಟ್ಟಾದರೆ ಕಿರಣದ ತೀವ್ರತೆ ನಾಲ್ಕನೆಯ ಒಂದಕ್ಕೆ ಇಳಿಯುತ್ತದೆ. ಭಾರತದಲ್ಲಿ ಇದನ್ನೆಲ್ಲ ನಿಯಂತ್ರಿಸುವುದು 1983ರಲ್ಲಿ ರಚನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ; ಅದರ ಕಚೇರಿ ನಮ್ಮ ಅಣುಶಕ್ತಿನಗರದಲ್ಲಿಯೇ ಇದೆ. ಕಿರಣದ ನಡುವೆ ದುಡಿಯುವವರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30. ಸಾರ್ವಜನಿಕರಿಗೆ ವರ್ಷಕ್ಕೆ 1 ಎಂದು ಅದು ಮಿತಿ ಹಾಕಿದೆ. ನಿಮ್ಮ ನಾಯಿಯನ್ನು ಹಿಡಿದುಕೊಳ್ಳುವಂತೆ ಕೇಳಿದಾಗ ಮೊದಲು ಮೇಲಂಗಿ ಕೇಳಿ ಪಡೆಯಿರಿ. ಮನೆಯ ಗರ್ಭಿಣಿಯರೂ 18 ತುಂಬದ ಮಕ್ಕಳೂ ಎಷ್ಟೇ ಮುದ್ದಿನ ನಾಯಿಯಾದರೂ ಆ ಕೋಣೆಯಲ್ಲಿ ಇರತಕ್ಕದ್ದಲ್ಲ.

ರಾಂಟ್‌ಜೆನ್ ಅವರ ಉಳಿದ ಬಾಳಿನ ಕಥೆ ದೀರ್ಘವಲ್ಲ. 1900ರಲ್ಲಿ ಮ್ಯೂನಿಕ್ ವಿಶ್ವವಿದ್ಯಾಲಯಕ್ಕೆ ಹೋದರು. 1901ರಲ್ಲಿ ನೊಬೆಲ್ ಪ್ರಶಸ್ತಿ ಆರಂಭವಾದಾಗ ಭೌತವಿಜ್ಞಾನದ ಮೊತ್ತಮೊದಲ ಪ್ರಶಸ್ತಿ ಅವರಿಗೆ ಬಂದಿತು. ಸ್ಟಾಕ್‌ಹೋಮಿಗೆ ಹೋಗಿ ಸ್ವೀಕರಿಸಿದರು, ಆದರೆ ರೂಢಿಯ ಉಪನ್ಯಾಸ ಮಾಡಲಿಲ್ಲ. ಪ್ರಶಸ್ತಿಯ ಹಣವನ್ನು ವುರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಹೆಸರಿನ ಮುಂದೆ ಕುಲೀನತೆಯ ಬಿರುದು ಸೇರಿಸಿಕೊಳ್ಳುವ ಅವಕಾಶವಿದ್ದರೂ ಬೇಡವೆಂದರು. ಸಭೆ, ಭಾಷಣಗಳೆಂದರೆ ಅವರಿಗೆ ಸಂಕೋಚ. ಬಾಲ್ಯದ ಮೌನ ಕೊನೆಯವರೆಗೂ ಉಳಿಯಿತು. ಅವರ ಬಾಳಿನಲ್ಲಿ ಒಪ್ಪಲಾಗದ ಸಂಗತಿಯೂ ಒಂದಿದೆ. 1914ರ ಅಕ್ಟೋಬರಿನಲ್ಲಿ ಜರ್ಮನ್ ಸೈನ್ಯದ ಕೃತ್ಯಗಳನ್ನು ಸಮರ್ಥಿಸಿ 93 ಮಂದಿ ವಿದ್ವಾಂಸರು ಹೊರಡಿಸಿದ ಘೋಷಣೆಗೆ ಅವರೂ ಸಹಿ ಹಾಕಿದರು. ಹಿರಿಯರ ಚರಿತ್ರೆ ಬರೆಯುವಾಗ ಇಂಥದ್ದನ್ನು ಮುಚ್ಚಿಡುವ ಪದ್ಧತಿ ನಮಗೆ ಸರಿಕಾಣದು.

ಬಹುಕಾಲ ಕಾಯಿಲೆಯಲ್ಲಿ ನರಳಿದ ಬರ್ತಾ ಅವರನ್ನು ರಾಂಟ್‌ಜೆನ್ ತಾವೇ ಆರೈಕೆ ಮಾಡುತ್ತಿದ್ದರು. 1919ರ ಅಕ್ಟೋಬರ್ 31ರಂದು ಆಕೆ ತೀರಿಕೊಂಡರು. ಮರುವರ್ಷ ಅವರು ಹುದ್ದೆಯಿಂದ ನಿವೃತ್ತರಾದರು. ಯುದ್ಧದ ನಂತರದ ಹಣದುಬ್ಬರದಲ್ಲಿ ಜರ್ಮನಿಯ ಲಕ್ಷಾಂತರ ಜನರಂತೆ ಅವರ ಉಳಿತಾಯವೂ ಕರಗಿಹೋಯಿತು. ಎಕ್ಸ್‌ರೇ ಯಂತ್ರಗಳನ್ನು ಮಾರಿ ಕಂಪೆನಿಗಳು ಸಿರಿವಂತವಾದ ಕಾಲದಲ್ಲಿ ಅದನ್ನು ಕಂಡುಹಿಡಿದವರು ಖರ್ಚಿಗೆ ಲೆಕ್ಕ ಹಾಕುತ್ತ ಬದುಕಿದರು. 1923ರ ಫೆಬ್ರವರಿ 10ರಂದು, 78 ತುಂಬಲು ಕೆಲವೇ ವಾರಗಳಿರುವಾಗ, ಕರುಳಿನ ಅರ್ಬುದದಿಂದ ಮ್ಯೂನಿಕ್‌ನಲ್ಲಿ ಕೊನೆಯುಸಿರೆಳೆದರು.

1928ರಲ್ಲಿ ಕಿರಣವನ್ನು ಅಳೆಯುವ ಮಾನಕ್ಕೆ ಅವರ ಹೆಸರಿಟ್ಟರು. 2004ರಲ್ಲಿ 111ನೆಯ ಮೂಲಧಾತುವಿಗೆ ರಾಂಟ್‌ಜೆನಿಯಂ ಎಂಬ ಹೆಸರು ಬಂದಿತು. ಅವರೇ ಬರೆದಿಟ್ಟ ಪತ್ರಗಳು, ಪ್ರಯೋಗದ ಟಿಪ್ಪಣಿಗಳು ಮಾತ್ರ ನಮಗೆ ಸಿಗುವುದಿಲ್ಲ. ಅವರ ಇಚ್ಛೆಯಂತೆ ಅವನ್ನು ಸುಟ್ಟುಹಾಕಲಾಯಿತು. ಅವರ ಸಮಾಧಿ ಗೀಸೆನ್ ನಗರದ ಹಳೆಯ ಸ್ಮಶಾನದಲ್ಲಿ, ತಂದೆ ತಾಯಿ ಮತ್ತು ಬರ್ತಾ ಅವರ ಬಳಿಯಲ್ಲಿದೆ.